ಮಾರ್ಸೆಲ್ ಡಿಮೆಲ್ಲೊ ಹೆಸರಿಗೆ ಬಿದ್ದ ಆವಿ

ದುಬೈಯ ಒಂದು ದೊಡ್ಡ ಹೋಟೆಲಿನಲ್ಲಿ ಮಾರ್ಸೆಲ್ ಡಿಮೆಲ್ಲೊ ಎಂಬ ಸ್ಟೋರ್‌ಕೀಪರ್ ಇದ್ದಾನೆ. ಹುಟ್ಟಿದಂದಿನಿಂದ ಒಂದು ತೊಟ್ಟು ಮದ್ಯ ಮುಟ್ಟಿದವನಲ್ಲ. ಹೋಟೆಲಿನ ದಾಖಲೆಯ ಪ್ರಕಾರ ಅವನು ಪ್ರತಿದಿನ, ಹಬ್ಬ ಹರಿದಿನಗಳನ್ನೂ ಬಿಡದೆ, ಅಮೆರಿಕದ ವಿಸ್ಕಿ ಸೇವಿಸುತ್ತಾನೆ. ಎರಡೂ ನಿಜ. ಎರಡರ ಬಗ್ಗೆಯೂ ಮ್ಯಾನೇಜ್‌ಮೆಂಟಿಗೆ ತೃಪ್ತಿಯಿದೆ.

ಆ ಹೋಟೆಲಿನ ಮೇಲಂತಸ್ತಿನಲ್ಲಿ ಅಮೆರಿಕನ್ ವಿಸ್ಕಿಯ ಬಾರ್ ತೆರೆಯಬೇಕೆಂದು ತೀರ್ಮಾನವಾದಾಗ ಟಾಡ್ ಎಂಬ ಸಲಹೆಗಾರ ಅಮೆರಿಕದಿಂದಲೇ ಬಂದ. ಪ್ಯಾಂಟು ಜಾರದಂತೆ ಹೆಗಲಿಗೆ ಎರಡು ಪಟ್ಟಿ, ಗಡ್ಡಕ್ಕೆ ಎಣ್ಣೆ. ಬರ್ಬನ್ ಎಂಬ ಅಮೆರಿಕದ ವಿಸ್ಕಿ ಎಂದರೆ ಮೆಕ್ಕೆಜೋಳ ಬೆಳೆಯುವ ಬಡ ರೈತರ ಪಾನೀಯ ಎಂದು ಅವನು ಭಾಷಣ ಮಾಡಿದ. ಬಡ ರೈತರ ಪಾನೀಯವಾದ್ದರಿಂದ ಅದನ್ನು ಕುಡಿಯಲು ವಾರಗಳ ಮೊದಲೇ ಬುಕಿಂಗ್ ಮಾಡಬೇಕು, ಕಾಲರ್ ಇರುವ ಅಂಗಿ ಹಾಕಬೇಕು ಎಂಬ ನಿಯಮ ಬಂತು. ಗ್ಲಾಸಿಗೆ ಒಂದೇ ಒಂದು ದೊಡ್ಡ ಐಸ್ ತುಂಡು ಹಾಕಿ, ಅದಕ್ಕೆ ಕಟ್ಟಿಗೆಯ ಹೊಗೆ ಕೊಟ್ಟು ಗಾಜಿನ ಗುಮ್ಮಟ ಮುಚ್ಚಿ ತಂದಿಡುತ್ತಿದ್ದರು. ಊರಿನ ಹೆಂಗಸರು ಕಟ್ಟಿಗೆಯ ಹೊಗೆಯಿಂದ ಪಾರಾಗಲು ಗ್ಯಾಸಿಗೆ ಅರ್ಜಿ ಹಾಕುತ್ತಾರೆ. ಇಲ್ಲಿ ಹೊಗೆಗೇ ಬೇರೆ ರೇಟು.

ಟಾಡ್ ಗ್ಲಾಸನ್ನು ಮೂಗಿಗೆ ಹಿಡಿದು, "ವೆನಿಲ್ಲಾ. ಹಳೆಯ ಚರ್ಮ. ಅಜ್ಜನ ಕುದುರೆಯ ಜೀನು," ಎಂದ.

ಬಾರಿನ ಮ್ಯಾನೇಜರ್ ಡ್ಯಾರಲ್ ಕೂಡ ಕಣ್ಣು ಮುಚ್ಚಿ ಮೂಸಿ, ತನಗೂ ಜೀನಿನ ವಾಸನೆ ಬಂತು ಎಂದ. ಮಂಗಳೂರಿನಲ್ಲಿ ಡ್ಯಾರಲ್‌ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಕುದುರೆ ಕಂಡದ್ದು ಸರ್ಕಸ್ಸಿನಲ್ಲಿ. ಆದರೂ ವಾಸನೆ ಬಂತು. ದೊಡ್ಡ ಹುದ್ದೆಯಲ್ಲಿರುವವರ ಮೂಗು ಹಾಗೆಯೇ.

ಟಾಡ್ ಓಕ್ ಮರದ ಒಂದು ಪೀಪಾಯಿ ತರಿಸಿದ. ಒಳಗೋಡೆಯನ್ನು ಬೆಂಕಿಯಿಂದ ಸುಟ್ಟು ಕರಕಲು ಮಾಡಿದ್ದು. ಅದರೊಳಗೆ ವಿಸ್ಕಿ, ಸಕ್ಕರೆ, ಕಹಿ ಕಷಾಯದ ಹನಿಗಳನ್ನು ಸೇರಿಸಿದ ಕಾಕ್‌ಟೇಲ್ ತುಂಬಿಸಿ, ತಿಂಗಳುಗಟ್ಟಲೆ ಸುಮ್ಮನೆ ಬಿಡಬೇಕು, ಆಗ ಹದಕ್ಕೆ ಬರುತ್ತದೆ ಎಂದ. ಪೀಪಾಯಿಯನ್ನು ಅಡುಗೆಮನೆಯ ಹಿಂದಿನ ಸ್ಟೋರಿನಲ್ಲಿಟ್ಟರು. ಬೇಸಿಗೆ ಬಂತು. ಮಾರ್ಸೆಲ್ ಒಂದು ದಿನ ಅಳತೆಕೋಲು ಇಳಿಸಿ ನೋಡಿದರೆ, ಯಾರೂ ಮುಟ್ಟದ ಪೀಪಾಯಿ ಗೇಣುದ್ದ ಇಳಿದಿದೆ. ಅವನು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅಷ್ಟೇ ಅವನು ಮಾಡಿದ ತಪ್ಪು.

ಮೀಟಿಂಗ್ ಕರೆದರು. ಟಾಡ್ ನಕ್ಕ. "ಮರದ ಮೂಲಕ ಆವಿಯಾಗಿ ಹೋಗುತ್ತದೆ. ಸೆಖೆ ಜಾಸ್ತಿಯಿದ್ದರೆ ಜಾಸ್ತಿ ಹೋಗುತ್ತದೆ. ದೇವದೂತರ ಪಾಲು ಅಂತ ನಮ್ಮಲ್ಲಿ ಹೇಳುತ್ತೇವೆ. ಯಾರೂ ಕೇಳುವುದಿಲ್ಲ."

ಸಿಬ್ಬಂದಿ ವಿಭಾಗದ ಮುಖ್ಯಸ್ಥೆ ಶಾಹಿನ, ಉಳ್ಳಾಲದವಳು, ಪೆನ್ನು ಕೈಗೆತ್ತಿಕೊಂಡಳು. "ಆ ದೇವದೂತರು ನಮ್ಮ ವೀಸಾದಲ್ಲಿದ್ದಾರಾ?"

"ಇಲ್ಲ."

"ಬೇರೆ ಕಂಪನಿಯಿಂದ ಬಂದವರಾ? ಕಾಂಟ್ರಾಕ್ಟ್ ಇದೆಯಾ?"

"ಮೇಡಂ, ಅದು ಮಾತಿಗೆ ಹೇಳುವುದು."

"ಮಾತಿಗೆ ಹೇಳುವವರಿಗೆ ಸ್ಟಾಕ್ ಕೊಡಲಿಕ್ಕೆ ಆಗುವುದಿಲ್ಲ," ಎಂದು ಶಾಹಿನ ಹೋಟೆಲಿನ ನಿಯಮ ಓದಿದಳು. "ಹೋಟೆಲಿನಿಂದ ಹೋದ ಪ್ರತಿ ಹನಿಗೂ ಒಬ್ಬ ಮನುಷ್ಯನ ಹೆಸರಿರತಕ್ಕದ್ದು. ಹೆಸರಿಲ್ಲದೆ ಹೋದ ಹನಿಯನ್ನು ಕಳವೆಂದು ಪರಿಗಣಿಸತಕ್ಕದ್ದು."

ಕಳವು ಎಂದರೆ ಸ್ಟೋರಿನವರೆಲ್ಲ ಮನೆಗೆ. ಯಾರಾದರೊಬ್ಬರ ಹೆಸರು ಬೇಕೇ ಬೇಕಿತ್ತು. ಡ್ಯಾರಲ್ ಗಂಭೀರವಾಗಿ ಯೋಚಿಸಿ ಹೇಳಿದ: "ಕುಡಿಯುವವನ ಹೆಸರು ಹಾಕಿದರೆ, ನಿಜವಾಗಿ ಕುಡಿದ ಅಂತ ಸಂಶಯ ಬರ್ತದೆ. ಕುಡಿಯದವನ ಹೆಸರು ಹಾಕಿದರೆ, ಆವಿಯೇ ಅಂತ ಎಲ್ಲರಿಗೂ ಗೊತ್ತಾಗ್ತದೆ."

ಎಲ್ಲರೂ ಮಾರ್ಸೆಲ್‌ನನ್ನು ನೋಡಿದರು.

"ನಾನು ಕುಡಿಯುವುದಿಲ್ಲ ಸರ್," ಎಂದ ಮಾರ್ಸೆಲ್.

"ಅದೇ ಅಲ್ವಾ ಕ್ವಾಲಿಫಿಕೇಶನ್," ಎಂದ ಡ್ಯಾರಲ್.

ಹಾಗೆ ಮಾರ್ಸೆಲ್ 'ಆವಿ ಹೊಣೆಗಾರ'ನಾದ. ಎದೆಗೆ ಹಿತ್ತಾಳೆಯ ಬ್ಯಾಡ್ಜ್ ಬಂತು. ದಿನಾ ಪೀಪಾಯಿ ಅಳೆದು, ಇಷ್ಟು ನನ್ನಿಂದ ಹೋಯಿತು ಎಂದು ಸಹಿ ಹಾಕುವುದು ಕೆಲಸ. ಸಂಬಳ ಹಿಂದಿನದೇ, ಏಕೆಂದರೆ ಗೌರವ ಹೆಚ್ಚಾಗಿತ್ತು.

ಊರಾಚೆ ಕೆಲಸಗಾರರ ವಸತಿಯಿರುವ ಮುಹೈಸ್ನಾದ ರೂಮಿನಲ್ಲಿ ಅವನ ಪಕ್ಕದ ಹಾಸಿಗೆಯ ಸವಾದ್, ಹೋಟೆಲಿನ ಲಾಂಡ್ರಿಯವ, ಬ್ಯಾಡ್ಜನ್ನು ತಿರುಗಿಸಿ ಮುರುಗಿಸಿ ನೋಡಿದ. ಕರಾವಳಿಯಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಅವನು ಮಾರ್ಸೆಲ್‌ನನ್ನು ಪೊರ್ಬುಗಳೇ ಎನ್ನುತ್ತಿದ್ದ. "ಪೊರ್ಬುಗಳೇ, ಕಂಪನಿ ದುಡ್ಡಲ್ಲಿ ದಿನಾ ಕುಡಿದೂ ಬಾಯಲ್ಲಿ ವಾಸನೆ ಇಲ್ಲ. ಏನು ಸಾಧನೆ ಮಾರಾಯ್ರೆ."

"ಹಾಸ್ಯ ಮಾಡು. ಜನವರಿಯಲ್ಲಿ ಮಗಳು ಫಿಯೋನಾಳ ಮದುವೆ ಉಂಟು. ರಜೆ ಸಿಗುವವರೆಗೆ ಅವರು ಕುಡುಕ ಅಂದರೂ ಕುಡುಕ, ಕತ್ತೆ ಅಂದರೂ ಕತ್ತೆ."

ಅವನಿಗೆ ಬೇಕಿದ್ದದ್ದು ಅದೊಂದೇ. ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರದಲ್ಲಿ ಮಗಳ ತಲೆಗೆ ತೆಂಗಿನ ಹಾಲನ್ನು ಮೊದಲು ಎರೆಯಬೇಕಾದವರು ಹೆತ್ತವರು. ಮಗಳು ಹುಟ್ಟಿದಾಗ ಅವನು ದುಬೈಯಲ್ಲಿದ್ದ, ಮೊದಲ ಪರಮಪ್ರಸಾದ ಪಡೆದಾಗ ದುಬೈಯಲ್ಲಿದ್ದ, ಡಿಗ್ರಿ ಮುಗಿಸಿದಾಗಲೂ ದುಬೈಯಲ್ಲೇ ಇದ್ದ. ರೋಸ್‌ಗಾದರೂ ತನ್ನೂರು ಶಿರ್ವದಲ್ಲಿರಬೇಕು ಎಂದು ಹಲ್ಲು ಕಚ್ಚಿಕೊಂಡಿದ್ದ.

ಸೆಖೆ ಏರಿದಂತೆ ಆವಿಯೂ ಏರಿತು. ಪೀಪಾಯಿಗೆ ತಂಪು ಬೇಕೆಂದು ಗೊತ್ತಾಯಿತು. ಎ.ಸಿ. ಇದ್ದು, ಲಾಭ ತಾರದ ಕೋಣೆ ಆ ಕಟ್ಟಡದಲ್ಲಿ ಒಂದೇ ಇತ್ತು: ಸಿಬ್ಬಂದಿಯ ವಿಶ್ರಾಂತಿ ಕೋಣೆ. ಬೆಳಿಗ್ಗೆಯ ಪಾಳಿಗೂ ಸಂಜೆಯ ಪಾಳಿಗೂ ನಡುವೆ ಮುಹೈಸ್ನಾಕ್ಕೆ ಬಸ್ಸಿಲ್ಲದವರೆಲ್ಲ ಕಾಲು ಚಾಚುತ್ತಿದ್ದ ಜಾಗ. ಅದರ ಬಾಗಿಲಿಗೆ ಪ್ರಕಟಣೆ ಅಂಟಿಸಿದರು:

'ಪೀಪಾಯಿಯು ವಿಶ್ರಾಂತಿಯಲ್ಲಿರುತ್ತದೆ. ಸಿಬ್ಬಂದಿಯು ವಿಶ್ರಾಂತಿಗಾಗಿ ಒಳಗೆ ಬಂದು ಅದರ ವಿಶ್ರಾಂತಿಗೆ ಭಂಗ ತರತಕ್ಕದ್ದಲ್ಲ. ಸಿಬ್ಬಂದಿಯ ಅನುಕೂಲಕ್ಕಾಗಿ ಕಸದ ಲಾರಿ ನಿಲ್ಲುವಲ್ಲಿ ನೆರಳಿನ ವ್ಯವಸ್ಥೆಯನ್ನು ಪರಿಶೀಲಿಸಲಾಗುತ್ತಿದೆ.'

ಜನ ಹಾಲಿನ ಕ್ರೇಟುಗಳನ್ನು ಕವುಚಿ ಹಾಕಿ ಕಸದ ಲಾರಿಯ ಪಕ್ಕ ಕೂತರು. ಯಾರೂ ದಂಗೆ ಏಳಲಿಲ್ಲ. ವೀಸಾ ಪಾಸ್‌ಪೋರ್ಟಿನಲ್ಲಿರುವುದಲ್ಲ, ನಾಲಗೆಯ ಮೇಲಿರುವುದು; ಬಾಯಿ ಬಿಟ್ಟರೆ ಬಿದ್ದುಹೋಗುತ್ತದೆ. ಅಂಗಿ ಬೆನ್ನಿಗೆ ಅಂಟಿಕೊಂಡಾಗ ಸವಾದ್, "ನಾವು ಕೂಡ ಆವಿಯಾಗ್ತಾ ಇದ್ದೇವಲ್ಲ ಪೊರ್ಬುಗಳೇ, ಅದಕ್ಕೆ ಯಾರ ಸಹಿ?" ಎಂದು ಕೇಳಿದ. ಅದಕ್ಕೆ ನಿಯಮವಿರಲಿಲ್ಲ.

ಟಾಡ್ ಅಷ್ಟರಲ್ಲಿ ತನ್ನ ಅಜ್ಜನ ಜೀನನ್ನು ಅಬುಧಾಬಿಯ ಇನ್ನೊಂದು ಹೋಟೆಲಿಗೆ ಪರಿಚಯಿಸಲು ಹೋಗಿದ್ದ.

ಮಾರ್ಸೆಲ್ ರಜೆ ಕೇಳಿದ. ಶಾಹಿನ ಕೂರಿಸಿ, ನೀರು ಕೊಟ್ಟು, ಬಹಳ ಮರ್ಯಾದೆಯಿಂದ ಮಾತಾಡಿದಳು.

"ಮಾರ್ಸೆಲ್ ಅವರೇ, ನಿಮಗೆ ರಜೆ ಕೊಡುವುದರಲ್ಲಿ ನಮಗೆ ತೊಂದರೆ ಇಲ್ಲ. ಆದರೆ ನೀವು ಹೋದ ಮೇಲೆ ಪೀಪಾಯಿ ಆವಿಯಾದರೆ?"

"ಆಗ್ತದೆ ಮೇಡಂ. ಅದಕ್ಕೆ ನಾನು ಬೇಕು ಅಂತಿಲ್ಲ."

"ನೀವು ಶಿರ್ವದಲ್ಲಿ, ನಿಮ್ಮಿಂದ ಹೋಗುವ ವಿಸ್ಕಿ ಇಲ್ಲಿ. ಅದು ಹೇಗೆ ಸರಿಯಾಗ್ತದೆ? ಕಳವಾಯಿತಲ್ಲ. ಬದಲಿಗೆ ಒಬ್ಬರನ್ನು ತನ್ನಿ. ಕುಡಿಯದವರಾಗಿರಬೇಕು."

ಮಾರ್ಸೆಲ್ ಬಾರಿನಲ್ಲಿ, ಅಡುಗೆಮನೆಯಲ್ಲಿ, ಲಾಂಡ್ರಿಯಲ್ಲಿ ವಿಚಾರಿಸಿದ. ಕುಡಿಯುವವರು ತುಂಬಾ ಉತ್ಸಾಹದಿಂದ ಒಪ್ಪಿದರು. ಅವರು ನಿಯಮಕ್ಕೆ ಹೊಂದುತ್ತಿರಲಿಲ್ಲ. ಕುಡಿಯದವರಲ್ಲಿ ಹತ್ತಿರದವನು ಸವಾದ್.

"ನಿಮಗಾಗಿ ಕಿಡ್ನಿ ಬೇಕಾದರೆ ಕೊಡ್ತೇನೆ," ಎಂದ ಸವಾದ್. "ಆದರೆ ವಿಸ್ಕಿಗೆ ನನ್ನ ಹೆಸರು ಬಿತ್ತು ಅಂತ ಫರಂಗಿಪೇಟೆಯ ಮನೆಯಲ್ಲಿ ನನ್ನ ಉಮ್ಮನಿಗೆ ಗೊತ್ತಾದರೆ, ಆವಿ ಅಂತ ಬಿಡಿಸಿ ಹೇಳುವ ಮೊದಲೇ ಬಾಗಿಲು ಹಾಕ್ತಾರೆ."

ಮಾರ್ಸೆಲ್ ಡ್ಯಾರಲ್‌ನ ಬಳಿ ಹೋಗಿ ಬಾಗಿಲಲ್ಲೇ ನಿಂತ. "ಸರ್, ಪೀಪಾಯಿ ಖಾಲಿ ಮಾಡಿ ಬಾಟ್ಲಿಗೆ ಹಾಕಿದರೆ ಆಯ್ತಲ್ಲ. ಬಾಟ್ಲಿಯಿಂದ ಆವಿ ಹೋಗುವುದಿಲ್ಲ. ನನ್ನ ಮಗಳ ಮದುವೆ, ಸರ್. ಒಬ್ಬಳೇ ಮಗಳು."

"ಅಷ್ಟು ಸುಲಭ ಅಲ್ಲ ಮಾರ್ಸೆಲ್. ಅದಕ್ಕೆ ಸಮಯ ಬೇಕು. ಕ್ರಾಫ್ಟ್ ಅಂದ್ರೆ ತಾಳ್ಮೆ. ಇಂಥದ್ದನ್ನು ಅವಸರ ಮಾಡಬಾರದು."

"ಮಗಳನ್ನು ಬೆಳೆಸುವುದಕ್ಕೂ ಸಮಯ ಹಿಡಿದಿದೆ, ಸರ್."

"ಹೌದು, ಆದರೆ ಅದು ಮೆನುವಿನಲ್ಲಿ ಇಲ್ಲ," ಎಂದ ಡ್ಯಾರಲ್. ಅವನು ಅಣಕಿಸಲಿಲ್ಲ. ಪ್ರಾಮಾಣಿಕವಾಗಿ ವಿವರಿಸಿದ.

ಮಾರ್ಸೆಲ್ ಹೆಂಡತಿ ಜೂಡಿತ್‌ಗೆ ಫೋನು ಮಾಡಿದ. ರಜೆ ಇಲ್ಲವೆಂದು ತಿಳಿದೊಡನೆ ಅವಳು ಕೇಳಿದಳು:

"ರೋಸ್ ಯಾರು ಎರೆಯುವುದು?"

"ನೀನು ಎರೆ. ನನ್ನ ಬದಲಿಗೆ ಅಣ್ಣ."

"ಅಲ್ಲಿ ಪೀಪಾಯಿಯ ಹತ್ತಿರ ಜನ ಬೇಕು. ಇಲ್ಲಿ ಮಗಳ ಹತ್ತಿರ ಬೇಡ. ಆಗಲಿ. ಬೀಗರಿಗೆ ಏನು ಹೇಳಲಿ? ಅಪ್ಪ ಬರಲಿಲ್ಲ ಅಂದರೆ ಏನೋ ಉಂಟು ಅಂತ ಊಹಿಸ್ತಾರೆ. ಕಂಪನಿಯಿಂದ ಒಂದು ಲೆಟರ್ ಆದರೂ ಕಳಿಸಿ."

ಶಾಹಿನ ಸಂತೋಷದಿಂದ ಲೆಟರ್ ಕೊಟ್ಟಳು. ಹೋಟೆಲಿನ ಬಂಗಾರದ ಬಣ್ಣದ ಮುದ್ರೆ, ಮೂರು ಜನರ ಸಹಿ. 'ಶ್ರೀ ಮಾರ್ಸೆಲ್ ಡಿಮೆಲ್ಲೊ ಅವರು ನಮ್ಮ ಸಂಸ್ಥೆಯಲ್ಲಿ ಅಮೆರಿಕನ್ ವಿಸ್ಕಿಯ ನಿರಂತರ ಸೇವನೆಯ ಜವಾಬ್ದಾರಿ ಹೊತ್ತಿದ್ದು, ಈ ಕಾರ್ಯದಲ್ಲಿ ಅವರಿಗೆ ಸಮನಾದ ಇನ್ನೊಬ್ಬರು ದೊರಕದ ಕಾರಣ, ಪುತ್ರಿಯ ವಿವಾಹಕ್ಕೆ ಅವರನ್ನು ಕಳುಹಿಸಿಕೊಡಲು ಅಸಾಧ್ಯವಾಗಿದೆಯೆಂದು ಈ ಮೂಲಕ ದೃಢೀಕರಿಸಲಾಗಿದೆ.'

ಲೆಟರ್ ಓದಿದರೆ ಊರಿನಲ್ಲಿ ತನಗೂ ಬಾಗಿಲು ಮುಚ್ಚಿಕೊಳ್ಳುತ್ತದೆ ಎಂದು ಮಾರ್ಸೆಲ್ ಹೆದರಿದ್ದ. ಹಾಗೇನೂ ಆಗಲಿಲ್ಲ. ಬೀಗರು ಮೊದಲು ಮುದ್ರೆ ನೋಡಿದರು. ಆಮೇಲೆ ಸಹಿ ನೋಡಿದರು. ಆಮೇಲೆ ತಮ್ಮ ಹುಡುಗನಿಗೆ ಎಷ್ಟು ದೊಡ್ಡ ಕಡೆಯ ಸಂಬಂಧ ಸಿಕ್ಕಿದೆ ಎಂದು ನೆರೆಕರೆಯವರಿಗೆ ಲೆಟರನ್ನು ತೋರಿಸಿದರು. ಫಾದರ್ ಅದನ್ನು ಇಗರ್ಜಿಯಲ್ಲಿ ಓದಿ, ಕರ್ತವ್ಯ ಎಂದರೆ ಇದು ಎಂದು ಯುವಕರಿಗೆ ಎರಡು ಮಾತು ಹೇಳಿದರು.

ಮದುವೆಯ ದಿನ ಮಾರ್ಸೆಲ್ ಪೀಪಾಯಿಯ ಪಕ್ಕ ಕುರ್ಚಿ ಹಾಕಿ, ಫೋನನ್ನು ಎದುರಿಗೆ ನಿಲ್ಲಿಸಿಕೊಂಡು ನೋಡಿದ. ಹಿಂದಿನ ಸಂಜೆ ರೋಸ್‌ನಲ್ಲಿ ಅಣ್ಣ ಎರೆದ ತೆಂಗಿನ ಹಾಲು ಫಿಯೋನಾಳ ಕಣ್ಣಿಗೆ ಇಳಿದಾಗ ಅವಳು ಅಳುತ್ತಿದ್ದಾಳೋ ಇಲ್ಲವೋ ಅವನಿಗೆ ತಿಳಿದಿರಲಿಲ್ಲ. ನೆಟ್‌ವರ್ಕ್ ಸರಿ ಇರಲಿಲ್ಲ. ಇವತ್ತು ಮದುವೆಯ ಸಭಾಂಗಣ ಸ್ಪಷ್ಟವಾಗಿ ಕಾಣುತ್ತಿತ್ತು. ಕೇಕ್ ಕತ್ತರಿಸಿದರು. ವಧೂವರರಿಗೆ ಶುಭ ಕೋರಿ ಟೋಸ್ಟ್ ಹೇಳುವವ ಮೈಕು ಹಿಡಿದ.

"ವಧುವಿನ ತಂದೆ ನಮ್ಮ ನಡುವೆ ಇಲ್ಲ. ಅವರು ಈ ಕ್ಷಣದಲ್ಲೂ ದುಬೈಯಲ್ಲಿ ನಮ್ಮೆಲ್ಲರ ಪರವಾಗಿ ಕುಡಿಯುತ್ತಿದ್ದಾರೆ. ದಯವಿಟ್ಟು ಎಲ್ಲರೂ ಎದ್ದು ನಿಂತು ಗ್ಲಾಸ್ ಎತ್ತಬೇಕು."

ಎಲ್ಲರೂ ಎದ್ದರು. ಫೋನಿನ ಪರದೆಯಲ್ಲಿ ಅವನ ಮುಖವನ್ನು ಸಭಾಂಗಣಕ್ಕೆಲ್ಲ ತೋರಿಸಿದರು. ಮಾರ್ಸೆಲ್ ಕೈಯಲ್ಲಿದ್ದ ಕಾಗದದ ಲೋಟದ ಚಹಾ ಎತ್ತಿದ.

"ಕೈ ಒಂದಿಷ್ಟೂ ನಡುಗುವುದಿಲ್ಲ ನೋಡಿ," ಎಂದು ಬೀಗರು ಪಕ್ಕದವರಿಗೆ ಹೇಳಿದ್ದು ಅವನಿಗೆ ಕೇಳಿಸಿತು. "ದಿನಾ ಕುಡಿದೂ ಈ ಶಿಸ್ತು."

ಫಿಯೋನಾ ಅವನನ್ನೇ ನೋಡುತ್ತಿದ್ದಳು. ಅವಳೊಬ್ಬಳೇ ಗ್ಲಾಸ್ ಎತ್ತಿರಲಿಲ್ಲ. ಯಾರೋ ಅವಳ ಕೈಗೆ ಗ್ಲಾಸ್ ಕೊಟ್ಟರು. ಅವಳೂ ಎತ್ತಿದಳು.

ಮಾರ್ಸೆಲ್ ಚಹಾ ಮುಗಿಸಿ, ಪೀಪಾಯಿ ಅಳೆದು, ಅವತ್ತಿನ ಸಹಿ ಹಾಕಿದ.

ಹೋಟೆಲು ಈಗ ಇನ್ನಷ್ಟು ಪೀಪಾಯಿಗಳನ್ನು ತರಿಸುತ್ತಿದೆ. ಆವಿ ಹೊಣೆಗಾರರು ಬೇಕಾಗಿದ್ದಾರೆ ಎಂಬ ಜಾಹೀರಾತು ಶಿರ್ವಕ್ಕೂ ಮುಟ್ಟಿದೆ. ಅಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಹುಡುಗರು ಇಗರ್ಜಿಯ ಆಫೀಸಿನೆದುರು ಸಾಲಾಗಿ ನಿಲ್ಲುತ್ತಾರೆ. ತಾವು ಕುಡಿಯುವುದಿಲ್ಲವೆಂದು ಫಾದರ್ ಕೈಯಿಂದ ಒಂದು ಸರ್ಟಿಫಿಕೇಟು ಬೇಕು, ದುಬೈಗೆ ಹೋಗಿ ಕುಡಿಯುವ ಕೆಲಸಕ್ಕೆ.