ಗುಮಾಸ್ತರ ಮಾಳಿಗೆಗೆ ಸೋಲಾರ್ ಬಂತು

ಎಲ್ಲದಕ್ಕೂ ಮೂಲ ಒಂದು ಮಗ್ ನೀರು.

ಲೈಬ್ರರಿ ಗುಮಾಸ್ತರಿಗೆ ಎತ್ತರವೆಂದರೆ ಜೀವಭಯ. ಸ್ಟೂಲ್ ಹತ್ತಿ ಬಲ್ಬು ಬದಲಿಸಿದವರಲ್ಲ. ಲೈಬ್ರರಿಯಲ್ಲಿ ಯಾರಾದರೂ ಮೇಲಿನ ಶೆಲ್ಫಿನ ಪುಸ್ತಕ ಕೇಳಿದರೆ, ಅದು ಕಣ್ಣೆದುರೇ ಇದ್ದರೂ, "ಹೊರಗೆ ಹೋಗಿದೆ, ಮುಂದಿನ ವಾರ ಬನ್ನಿ" ಎಂದುಬಿಡುತ್ತಿದ್ದರು. ಇಂಥವರ ಮನೆಗೆ ಮೆಟ್ಟಿಲೇ ಇಲ್ಲ. ಮಾಳಿಗೆಗೆ ಹೋಗಲು ಹಿತ್ತಲಿನ ಗೋಡೆಗೆ ಬಿಗಿದ ಕಬ್ಬಿಣದ ಏಣಿಯೊಂದೇ ಗತಿ. ಮೇಲೆ ಹಿಂಬದಿಗೆ ನೀರಿನ ಟ್ಯಾಂಕು. ಅದನ್ನು ತಿಂಗಳಿಗೊಮ್ಮೆ ತೊಳೆಯುವ ಕೆಲಸ ತನ್ನದೇ ಎಂದು, ಮದುವೆಯ ಹೊಸದರಲ್ಲಿ ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡವರೂ ಅವರೇ.

ಆಡಿದ ಮಾತು ನುಂಗುವುದು ಹೇಗೆ? ತೊಳೆಯುವ ಭಾನುವಾರ ಬಂತೆಂದರೆ "ಬ್ಲೀಚಿಂಗ್ ಪೌಡರ್ ವಾಸನೆ ನಿಂಗಾಗಲ್ಲ" ಎಂದು ಹೆಂಡತಿಯನ್ನು ಅವಳ ಅಕ್ಕನ ಮನೆಗೆ ಸಾಗಹಾಕುತ್ತಿದ್ದರು. ಏಣಿಗೆ ಬೆನ್ನು ಹಾಕಿ ಕೂತು ಪೇಪರ್ ಓದಿ, ಅವಳು ಬರುವ ಹೊತ್ತಿಗೆ ಸರಿಯಾಗಿ ಪ್ಯಾಂಟಿನ ಮೇಲೆ ಒಂದು ಮಗ್ ನೀರು ಸುರಿದುಕೊಂಡು, "ಉಸ್ಸಪ್ಪಾ, ಏನು ಪಾಚಿ ಅಂತೀಯ" ಎಂದು ಸೊಂಟ ಹಿಡಿದುಕೊಂಡು ಒಳಗೆ ಬರುತ್ತಿದ್ದರು. ಅವಳೋ, "ನಮ್ಮನೆಯವರು ಬೆಕ್ಕಿನ ಹಾಗೆ ಏಣಿ ಹತ್ತುತ್ತಾರೆ" ಎಂದು ಬೀದಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಬೀದಿಯವರು ಅವರಿಗೆ 'ಟ್ಯಾಂಕಪ್ಪ' ಎಂದು ಹೆಸರನ್ನೇ ಇಟ್ಟುಬಿಟ್ಟಿದ್ದರು.

ಸೋಲಾರ್ ಹಾಕಿಸೋಣ ಎಂದು ಹೆಂಡತಿ ಹಟ ಹಿಡಿದಾಗ ಗುಮಾಸ್ತರು ಹೂಂ ಅಂದರು. ಹತ್ತುವವನು ಫಿಟ್ಟರ್, ನನಗೇನು ಎಂದುಕೊಂಡರು. ಕೆಲಸದ ದಿನ ಬೆಳಿಗ್ಗೆ ಫಿಟ್ಟರ್ ಮತ್ತು ಅವನ ಇಬ್ಬರು ಆಳುಗಳು ಹಗ್ಗ ಕಟ್ಟಿ ಪ್ಯಾನಲ್‌ಗಳನ್ನು ಮೇಲಕ್ಕೆ ಎಳೆದರು. ಎದುರುಮನೆಯ ಡ್ರಿಲ್ ಮೇಷ್ಟ್ರು ಕರೆಯದಿದ್ದರೂ ಹಿತ್ತಲಿಗೇ ಬಂದು ನಿಂತರು. ನೌಕರಿಯಿಂದ ಅವರು ನಿವೃತ್ತರಾಗಿದ್ದರು, ಅವರ ಗಂಟಲು ಆಗಿರಲಿಲ್ಲ. ಪಕ್ಕದ ಮನೆ ಅಜ್ಜಿ ಕುರ್ಚಿಯನ್ನೇ ಹೊತ್ತು ತಂದು ಕೂತರು.

ಮಧ್ಯಾಹ್ನದ ಹೊತ್ತಿಗೆ ಫಿಟ್ಟರ್ ಮೇಲಿನಿಂದ ಬಗ್ಗಿ ಹೇಳಿದ: "ಸಾರ್, ಪ್ಯಾನಲ್ ತೊಳೆಯೋಕೆ ನೀರು ಬೇಕಲ್ಲ, ನಿಮ್ ಟ್ಯಾಂಕಿಗೇ ಒಂದು ನಲ್ಲಿ ಕೂರಿಸ್ತೀನಿ. ಖಾಲಿ ಮಾಡಿ ಒಳಗಡೆ ಸ್ವಲ್ಪ ನೋಡ್ಬೇಕು."

ಗುಮಾಸ್ತರ ಎದೆ ಧಸಕ್ಕೆಂದಿತು. ಇಷ್ಟು ವರ್ಷ ಯಾರೂ ತೆರೆಯದ ಟ್ಯಾಂಕು. ಒಳಗೆ ಮೊಳಕಾಲುದ್ದ ಕೆಸರಿರಬಹುದು, ಸತ್ತ ಹಲ್ಲಿಗಳ ಸಂಸಾರವೇ ಇರಬಹುದು. ಆ ನೀರನ್ನೇ ಅಲ್ಲವೇ ಹೆಂಡತಿ ದಿನವೂ ಕುಡಿದದ್ದು? ಈಗ ಎಲ್ಲರೆದುರು ಮುಚ್ಚಳ ತೆರೆದರೆ ಅವಳ ಮುಖ ಹೇಗೆ ನೋಡುವುದು?

"ಟ್ಯಾಂಕ್ ಬೇಡ, ಬಕೆಟಲ್ಲಿ ತಗೊಂಡ್ಹೋದ್ರಾಯ್ತು," ಎಂದರು.

"ಬಕೆಟ್ ಹಿಡ್ಕೊಂಡು ಏಣಿ ಹತ್ತೋಕಾಗುತ್ತೇನ್ರೀ?" ಎಂದರು ಮೇಷ್ಟ್ರು.

"ಮುಚ್ಚಳ ಬಿಗಿ ಇದೆ. ಅದಕ್ಕೊಂದು ವರಸೆ ಇದೆ, ಬೇರೆಯವರಿಗೆ ಬರಲ್ಲ."

"ಹಾಗಾದ್ರೆ ನೀವೇ ಹತ್ತಿ ತೆಗೀರಿ. ಟ್ಯಾಂಕಪ್ಪ ಏಣಿ ಹತ್ತೋದನ್ನ ನಾವೂ ನೋಡೇ ಇಲ್ಲ."

"ಹತ್ತಪ್ಪಾ, ಹತ್ತು. ನಾನೂ ಅದಕ್ಕೇ ಕೂತಿದೀನಿ," ಎಂದರು ಅಜ್ಜಿ.

ಅತ್ತ ದರಿ, ಇತ್ತ ಪುಲಿ. ಮಂಡಿ ನೋವು ಎಂದರು. ಅಜ್ಜಿ ಸೆರಗಿನ ಗಂಟಿನಿಂದ ಮುಲಾಮಿನ ಡಬ್ಬಿ ತೆಗೆದರು. ಲೈಬ್ರರಿಗೆ ಹೋಗಬೇಕು ಎಂದರು. ಇವತ್ತು ರಜ ಎಂದು ಮೇಷ್ಟ್ರು ನೆನಪಿಸಿದರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಫಿಟ್ಟರ್‌ಗಿಂತ ಮೊದಲು ತಾನೇ ಮುಚ್ಚಳ ಹಿಡಿದುಕೊಂಡರೆ ಏನಾದರೂ ಮಾಡಬಹುದೇನೋ ಎಂಬ ಹುಚ್ಚು ಆಸೆಯಲ್ಲಿ ಗುಮಾಸ್ತರು ಏಣಿಗೆ ಕೈ ಹಾಕಿದರು.

"ಎಡ, ಬಲ, ಎಡ, ಬಲ," ಎಂದು ಮೇಷ್ಟ್ರು ಕೆಳಗಿನಿಂದ ಕೂಗು ಹಾಕಿದರು.

ಕಣ್ಣು ಮುಚ್ಚಿಕೊಂಡೇ ಹತ್ತಿದರು. ಅರ್ಧಕ್ಕೆ ಬಂದಾಗ ತಪ್ಪಿ ಕಣ್ಣು ಬಿಟ್ಟರು. ಅಜ್ಜಿಯ ಕುರ್ಚಿ ಬೆಂಕಿಪೊಟ್ಟಣದಷ್ಟು ಕಂಡಿತು. ಇಡೀ ಏಣಿ ಗಡಗಡ ಸದ್ದು ಮಾಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ, ಗೋಡೆಗೆ ಹಲ್ಲಿಯಂತೆ ಅಂಟಿಕೊಂಡರು. ಅದೇ ಹೊತ್ತಿಗೆ ಮೇಲೆ ಮುಚ್ಚಳ ಕಿತ್ತ ಶಬ್ದ ಕೇಳಿತು.

"ಸಾರ್," ಎಂದ ಫಿಟ್ಟರ್, ಟ್ಯಾಂಕಿನಿಂದ ತಲೆ ಎತ್ತಿ.

ಕಥೆ ಮುಗಿಯಿತು ಎಂದುಕೊಂಡರು ಗುಮಾಸ್ತರು.

"ಎಷ್ಟೋ ಮನೆ ಟ್ಯಾಂಕ್ ನೋಡಿದೀನಿ ಸಾರ್, ಇಂಥದ್ದು ನೋಡಿಲ್ಲ. ಊಟದ ತಟ್ಟೆ ಇದ್ದಂಗಿದೆ. ಮುಖ ನೋಡ್ಕೋಬಹುದು."

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಗುಮಾಸ್ತರಿಗೆ ತಲೆಬುಡ ತಿಳಿಯಲಿಲ್ಲ. ಆಳುಗಳಿಬ್ಬರು ಅವರ ಬೆರಳುಗಳನ್ನು ಒಂದೊಂದಾಗಿ ಏಣಿಯಿಂದ ಬಿಡಿಸಿ ಕೆಳಗಿಳಿಸಿದರು. "ಮಂಡಿ ನೋವಲ್ವಾ, ಪಾಪ," ಎಂದು ಅಜ್ಜಿ ತಾವೇ ಮುಲಾಮು ಹಚ್ಚಿದರು.

ಸಂಜೆ ಎಲ್ಲರೂ ಹೋದ ಮೇಲೆ ಗುಮಾಸ್ತರು ಮೆಲ್ಲಗೆ ಹೆಂಡತಿಯ ಹತ್ತಿರ ಹೋದರು. "ಟ್ಯಾಂಕು..." ಎಂದರು.

"ನಾನೇ ತೊಳೀತಿದ್ದೆ," ಎಂದಳು ಅವಳು, ಪಾತ್ರೆ ಒರೆಸುತ್ತಾ. "ನೀವು ಸೋಮವಾರ ಲೈಬ್ರರಿಗೆ ಹೋದ ಮೇಲೆ."

"ನಿಂಗೆ ಗೊತ್ತಿತ್ತಾ?"

"ಟ್ಯಾಂಕ್ ತೊಳೆದವರ ಪ್ಯಾಂಟ್ ಒದ್ದೆ ಆಗುತ್ತೆ, ಒಪ್ಪಿದೆ. ಪೇಪರಿನ ಪದಬಂಧ ಹೇಗೆ ಪೂರ್ತಿ ಆಗುತ್ತೆ?"

ಗುಮಾಸ್ತರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಎದೆ ಮೇಲಿನ ಬಂಡೆ ಇಳಿಸಿದಷ್ಟು ಹಗುರವಾಯಿತು. ಇಂಥ ಹೆಂಡತಿ ಯಾರಿಗುಂಟು ಯಾರಿಗಿಲ್ಲ. "ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

"ಹೇಳಿದ್ರೆ ರೋಷಕ್ಕೆ ಹತ್ತಿಬಿಡ್ತಿದ್ರಿ. ಬಿದ್ರೆ ನೋಡ್ಕೊಳ್ಳೋಳೂ ನಾನೇ ತಾನೇ?"

"ಹಾಗಾದ್ರೆ ಪ್ಯಾನಲ್ಲೂ ನೀನೇ..."

"ಅದು ಮಾತ್ರ ಆಗಲ್ಲ ರೀ." ಹೆಂಡತಿ ಪಾತ್ರೆ ಕೆಳಗಿಟ್ಟಳು. "ಟ್ಯಾಂಕ್ ಹಿಂದ್ಗಡೆ ಇತ್ತು, ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲ. ಪ್ಯಾನಲ್ ಬೀದಿ ಕಡೆ ಇದೆ, ಮೇಷ್ಟ್ರ ಕಿಟಕಿಗೆ ನೇರ. ನಾನು ಮೇಲೆ ನಿಂತು ತೊಳೆಯೋದು ಕಂಡ್ರೆ ನಿಮ್ ಮರ್ಯಾದೆ ಏನಾಗ್ಬೇಕು? ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದೀನಿ, ಈಗ ಕಳೆಯೋಕೆ ನಂಗೆ ಮನಸ್ಸಿಲ್ಲ."

"ತೊಳೀದೇ ಬಿಟ್ರೆ? ಯಾರಿಗೆ ಗೊತ್ತಾಗುತ್ತೆ?"

"ಫಿಟ್ಟರ್ ನನ್ ಮೊಬೈಲಿಗೆ ಅದೇನೋ ಹಾಕ್ಕೊಟ್ಟಿದಾನೆ. ಪ್ಯಾನಲ್ ಕೊಳೆಯಾಗಿ ಕರೆಂಟ್ ಕಮ್ಮಿ ಬಂದ್ರೆ ಅದೇ ಕೂಗಿ ಹೇಳುತ್ತಂತೆ. ಮೇಷ್ಟ್ರೂ ಹಾಕಿಸ್ಕೊಂಡಿದಾರೆ. ನಮ್ ಮನೆ ಕರೆಂಟು ಅವರ ಫೋನಲ್ಲೂ ಕಾಣುತ್ತೆ."

ಆ ರಾತ್ರಿ ಗುಮಾಸ್ತರಿಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಬಿಸಿಲೇರಿ ಅವರು ಪದಬಂಧ ಹಿಡಿದು ಕೂತಿದ್ದಾಗ ಒಳಗೆ ಹೆಂಡತಿಯ ಫೋನ್ ಟಿಣ್ ಅಂದಿತು. ಮರುಕ್ಷಣವೇ ಎದುರುಮನೆಯಲ್ಲೂ ಟಿಣ್ ಅಂದಿತು. ಕಿಟಕಿ ತೆರೆದುಕೊಂಡಿತು.

"ಪಾರಿವಾಳದ ಹಿಕ್ಕೆ ಅಂತ ಕಾಣುತ್ತೆ ಕಣ್ರೀ, ಟ್ಯಾಂಕಪ್ಪ," ಎಂದರು ಮೇಷ್ಟ್ರು.

ಹೆಂಡತಿ ಹೊರಗೆ ಬಂದು, ಅವರ ಕೈಯಿಂದ ಪೇಪರ್ ತೆಗೆದುಕೊಂಡು, ಆ ಕೈಗೆ ಒಂದು ಒದ್ದೆ ಬಟ್ಟೆ ಇಟ್ಟಳು.

"ಬನ್ನಿ, ಕೆಳಗೆ ನಾನು ನಿಂತಿರ್ತೀನಿ," ಎಂದಳು. "ಪ್ಯಾಂಟ್ ಒದ್ದೆ ಮಾಡ್ಕೋಬೇಡಿ, ಇವತ್ತು ಅದು ತಾನಾಗೇ ಆಗುತ್ತೆ."