ಮೂರು ಕಡೆ ಹೇಳಿದ ರೊಟ್ಟಿ

ಕೆಲಸದ ಜಾಗದಲ್ಲಿ ಯಾರನ್ನೂ ಹೊರಗಿಡದೆ ಎಲ್ಲರ ಮಾತು ಕೇಳಿದರೆ, ಆ ಸಂಸ್ಥೆಗೆ ಸರಕು ಬರುವ ಸರಪಳಿ ಕಷ್ಟಕಾಲದಲ್ಲೂ ತುಂಡಾಗುವುದಿಲ್ಲ. ಇದು ನನ್ನ ಸಂಶೋಧನೆಯ ಸಾರ. ನಾಲ್ಕು ವರ್ಷದಿಂದ ಇದರ ಮೇಲೆ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ವಿಜಯಪುರದ ನಮ್ಮ ಕಾಲೇಜಿನಲ್ಲಿ ಇದೇ ವಿಷಯದ ವಿಚಾರಸಂಕಿರಣ, ಅದರಲ್ಲಿ ನನ್ನ ಪ್ರಬಂಧ ಎಂದಾಗ, ಆ ದಿನ ನನ್ನದೇ ಎಂದುಕೊಂಡೆ.

ಸಿಬ್ಬಂದಿ ಸಭೆಯಲ್ಲಿ ಕೆಲಸ ಹಂಚಿದರು. ವೇದಿಕೆ, ಸ್ವಾಗತ, ಅತಿಥಿಗಳ ಕಾರು, ಎಲ್ಲವೂ ಗಂಡಸರ ಪಾಲಾದವು.

“ರೆಹಾನಾ ಮೇಡಂ, ಊಟದ ವ್ಯವಸ್ಥಾ ನಿಮ್ದರಿ,” ಎಂದರು ವಿಭಾಗದ ಮುಖ್ಯಸ್ಥರು. “ಹೆಣ್ಮಕ್ಕಳ ಕೈಯಾಗಿದ್ರ ನಮಗ ಚಿಂತಿ ಇರಂಗಿಲ್ಲ.”

ನಮ್ಮ ಮನೆಯಲ್ಲಿ ಅಡುಗೆ ಮಾಡುವವರು ನನ್ನ ಗಂಡ ಸಲೀಂ. ನನಗೆ ರೊಟ್ಟಿ ಬಡಿಯಲು ಇಂದಿಗೂ ಬರುವುದಿಲ್ಲ. ಇದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸಭೆ ಮುಗಿದಿತ್ತು.

ಮನೆಗೆ ಬಂದು ಕೂಗಾಡಿದೆ. ಸಲೀಂ ಸಮಾಧಾನವಾಗಿ, “ರೊಟ್ಟಿಗೆ ಒಬ್ಬರಿಗೆ ಹೇಳಿದ್ರ ಮುಗೀತು. ನಾ ಹೋಗಿ ತರ್ತೀನಿ,” ಎಂದರು.

“ಒಬ್ಬರನ್ನ ನಂಬಿ ಕೂಡಬಾರದು ಅಂತ ನಾನ ಬರದೇನಿ. ಮೂರು ಕಡೆ ಹೇಳ್ತೀನಿ.”

ಶಾಸ್ತ್ರೋಕ್ತವಾಗಿ ಮೂರು ಕಡೆ ಹೇಳಿದೆ. ಸ್ಟೇಷನ್ ರಸ್ತೆಯ ಖಾನಾವಳಿಗೆ ನೂರು, ಇಬ್ರಾಹಿಂಪುರದ ರೊಟ್ಟಿ ಅಂಗಡಿಗೆ ನೂರು, ಟಿಕೋಟಾದ ಒಬ್ಬರಿಗೆ ನೂರು. ಒಂದು ಕೊಂಡಿ ಕಳಚಿದರೂ ಎರಡು ಉಳಿಯುತ್ತವೆ. ಆ ರಾತ್ರಿ ಸುಖವಾಗಿ ಮಲಗಿದೆ.

ವಿಚಾರಸಂಕಿರಣದ ದಿನ ಟಿಕೋಟಾದ ನೂರು ರೊಟ್ಟಿ ಹೊತ್ತಿಗೆ ಸರಿಯಾಗಿ ಬಂದವು. ಹನ್ನೊಂದಕ್ಕೆ ಖಾನಾವಳಿಯವನ ಫೋನು ಬಂತು.

“ಮೇಡಂ, ರೊಟ್ಟಿ ಬಂದಿಲ್ಲರಿ.”

“ಬರೂದು ಅಂದ್ರ? ನೀವು ಮಾಡಂಗಿಲ್ಲೇನು?”

“ನಮಗ ಬಬಲೇಶ್ವರದ ಮಾದೇವಕ್ಕ ಕಳಸ್ತಾಳ್ರಿ.”

ಇಬ್ರಾಹಿಂಪುರಕ್ಕೆ ಫೋನು ಮಾಡಿದೆ. ಅವರಿಗೂ ಮಾದೇವಕ್ಕ. ಟಿಕೋಟಾದವರಿಗೂ ಮಾದೇವಕ್ಕ. ನನ್ನ ಮೂರು ಕೊಂಡಿಗಳೂ ಒಂದೇ ಒಲೆಗೆ ಹೋಗಿ ಸೇರಿದ್ದವು.

ಮಾದೇವಕ್ಕನ ನಂಬರು ಪಡೆದು ಬಾಯಿಗೆ ಬಂದಂತೆ ಬೈದೆ. ಆಕೆ ಪೂರ್ತಿ ಕೇಳಿಸಿಕೊಂಡಳು.

“ಮೂರು ಮಂದಿನೂ ಅದ ಕಾಲೇಜು, ಅದ ದಿನ, ನೂರು ರೊಟ್ಟಿ ಅಂದ್ರು. ಒಂದ ಆರ್ಡರ್ ಮೂರು ಸಲ ಹೇಳ್ಯಾರ ಅಂತ ತಿಳಕೊಂಡ್ನಿರಿ. ನೀವ ನನಗ ಒಂದು ಮಾತು ಕೇಳಬಾರದಿತ್ತೇನು?”

ಎಲ್ಲರ ಮಾತು ಕೇಳಬೇಕೆಂದು ನಾಲ್ಕು ವರ್ಷ ಬರೆದವಳು ನಾನು. ಅದು ನೆನಪಾಗಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

“ಖಡಕ್ ರೊಟ್ಟಿ ಅದಾವ, ಬಂದು ಒಯ್ಯಿರಿ,” ಎಂದಳು ಆಕೆ. “ಕರೆಂಟು, ಬಸ್ಸು ಯಾವುದನ್ನೂ ನಂಬಾಕ ಆಗಂಗಿಲ್ಲ. ಅದಕ್ಕ ಯಾವಾಗಲೂ ಒಂದಿಷ್ಟು ಬಡದು ಇಟ್ಟಿರ್ತೀವಿ.”

ಸಲೀಂ ಗೆಳೆಯನ ಜೀಪು ತಂದರು. ದಾರಿಯುದ್ದಕ್ಕೂ ಹಾಡು ಗುನುಗುತ್ತಲೇ ಇದ್ದರು. ಬೈದಿದ್ದರೆ ವಾಸಿಯಿತ್ತು.

ಬಬಲೇಶ್ವರದಲ್ಲಿ ಎಂಟು ಹೆಂಗಸರು ಒಲೆ ಮುಂದೆ ಕೂತಿದ್ದರು. ಕಣ್ಣು ಕಾಣದ ಅಜ್ಜಿಯೊಬ್ಬಳು ರೊಟ್ಟಿಗಳನ್ನು ಬೆರಳಲ್ಲೇ ಎಣಿಸಿ ಕಟ್ಟು ಕಟ್ಟುತ್ತಿದ್ದಳು. ಮುರಿದದ್ದು ಕೈಗೆ ಸಿಕ್ಕರೆ ಆರಿಸಿ ಪಕ್ಕಕ್ಕಿಡುತ್ತಿದ್ದಳು. ನನ್ನ ಪ್ರಬಂಧದಲ್ಲಿ ಇರಬೇಕಾದದ್ದೆಲ್ಲ ಅಲ್ಲಿತ್ತು. ನಾನು ನಾಲ್ಕು ವರ್ಷದಲ್ಲಿ ಒಮ್ಮೆಯೂ ಅತ್ತ ಹೋಗಿರಲಿಲ್ಲ.

ಇನ್ನೂರು ರೊಟ್ಟಿ ಮಡಿಲಲ್ಲಿಟ್ಟುಕೊಂಡು ಮರಳುವಷ್ಟರಲ್ಲಿ ಸಭೆ ಊಟಕ್ಕೆ ಎದ್ದಿತ್ತು. ನಾನಿಲ್ಲದ್ದರಿಂದ ನನ್ನ ಪ್ರಬಂಧವನ್ನು ಮುಖ್ಯಸ್ಥರೇ ಓದಿದ್ದರು, ನನ್ನ ಹೆಸರು ಹೇಳದೆ. ಭಾರೀ ಚಪ್ಪಾಳೆ ಬಿತ್ತಂತೆ. ಅತಿಥಿಗಳಿಗೆ ನನ್ನನ್ನು, “ಇವರು ನಮ್ಮ ಊಟದ ಮೇಡಂ,” ಎಂದು ಪರಿಚಯಿಸಿದರು.

ನನಗೆ ತಡೆಯಲಾಗಲಿಲ್ಲ. ಮುಖ್ಯಸ್ಥರು ಅತ್ತ ಸರಿದದ್ದೇ ತಡ, ಮುಖ್ಯ ಅತಿಥಿಗಳ ಮುಂದೆ ನಿಂತು, “ಸರ್, ನೀವು ಕೇಳಿದ ಪ್ರಬಂಧ…” ಎಂದು ಶುರು ಮಾಡಿದೆ.

ಅವರು ಖಡಕ್ ರೊಟ್ಟಿ ಮುರಿಯುತ್ತ ಮುಖ ಎತ್ತಿದರು. “ಒಬ್ಬರನ್ನೇ ನೆಚ್ಚಬಾರದು ಅನ್ನೋದು ತಾನೇ? ಚೆನ್ನಾಗಿತ್ತು. ಆದರೆ ಇವತ್ತಿನ ರೊಟ್ಟಿಯೆಲ್ಲ ಒಂದೇ ಮನೆಯದಂತಲ್ಲ? ಅದಕ್ಕೇ ತಡವಾಯಿತಂತೆ. ಅಂದಹಾಗೆ, ಆ ಪ್ರಬಂಧ ಬರೆದವರು ಯಾರು?”

ಮೂರು ಕಡೆ ಹೇಳಿದ್ದೆನೆಂದು ವಿವರಿಸಲು ಹೊರಟೆ. ವಿವರಿಸಿದಷ್ಟೂ ಮರ್ಯಾದೆ ಹೋಗುತ್ತದೆಂದು ಹೊಳೆಯಿತು.

“ನಮ್ಮ ಮುಖ್ಯಸ್ಥರು ಸರ್,” ಎಂದೆ.