ಮಾಳಪ್ಪನವರ ಬೋಣಿ

ಸತ್ತವರ ಜೊತೆ ವಾದ ಮಾಡಿ ಗೆಲ್ಲುವುದು ಸುಲಭ ಎಂದು ನಾನೂ ನಂಬಿದ್ದೆ. ಅವರು ಎದುರು ಮಾತಾಡುವುದಿಲ್ಲ ಎಂಬುದೊಂದೇ ಧೈರ್ಯ. ಆ ಧೈರ್ಯ ಎಷ್ಟು ಪೊಳ್ಳು ಎಂಬುದು ಯಾದಗಿರಿಯ ಹತ್ತಿ ಮಿಲ್ಲಿನ ಕಚೇರಿಯಲ್ಲಿ ನನಗೆ ತಿಳಿಯಿತು.

ನಿಜಾಮಶಾಹಿ ಹೋದ ಹೊಸತು. ಲಕೋಟೆಗೆ ಅಂಚೆ ಟಿಕೆಟ್ ಹಚ್ಚುವ ಬದಲು ಮುದ್ರೆ ಒತ್ತುವ ಯಂತ್ರವೊಂದನ್ನು ಮಾಲಕರು ತರಿಸಿದ್ದರು. ಮುದ್ರೆ ಬಿದ್ದಂತೆಲ್ಲ ಅದರ ಅಂಕಿ ಒಂದೊಂದೇ ಮುಂದೆ ಹೋಗುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಹಿರಿಯ ಗುಮಾಸ್ತ ಮಾಳಪ್ಪನವರು, ಹತ್ತಿಕುಣಿಯ ಕುರಿ ಸಾಕುವ ಮನೆತನದವರು. ಬೆಳಿಗ್ಗೆ ಬಂದವರೇ ಖಾಲಿ ಲಕೋಟೆಗೊಂದು ಮುದ್ರೆ ಒತ್ತಿ, "ಬೋಣಿ ಆತು" ಎನ್ನುತ್ತಿದ್ದರು. ಸಂಜೆ ಬೇರೆ ಯಾರೂ ಮುಟ್ಟದಂತೆ ಹಿಡಿಕೆಗೆ ಕರಿ ಉಣ್ಣೆ ದಾರ ಸುತ್ತಿ, ತಮ್ಮ ಮನೆತನದ ಗಂಟು ಹಾಕುತ್ತಿದ್ದರು. ಕತ್ತರಿಸದೆ ಅದು ಬಿಚ್ಚಿ ಬರುತ್ತಿರಲಿಲ್ಲ. ಯಾರಾದರೂ ಮುಟ್ಟಿದರೆ ಒಡೆದು ಗೊತ್ತಾಗಲೆಂದು ಅದರ ಮೇಲೆ ಕಿರಿಯ ಗುಮಾಸ್ತನಾದ ನಾನು ಅರಗು ಸುರಿದೆ, ಅಷ್ಟೆ. ಈ ಕಾವಲಿಗೆ ಪೇಟೆಂಟ್ ಸಿಕ್ಕೀತು ಎಂದು ಮಾಲಕರು ಹೇಳಿದ್ದೇ ತಡ, ನಮ್ಮಿಬ್ಬರಿಗೂ ಜಗಳ ಹತ್ತಿತು.

"ಗಂಟು ನಂದು, ಅರಗು ನಿಮ್ದು. ನನ್ನ ಹೆಸರು ಮ್ಯಾಲ ಬರ್ಲಿರಿ," ಎಂದರು ಮಾಳಪ್ಪನವರು.

ನಾನು ಒಪ್ಪಲಿಲ್ಲ. ಅಷ್ಟರಲ್ಲಿ ಅವರು ಜ್ವರ ಬಂದು ತೀರಿಕೊಂಡರು. ಅತ್ತದ್ದೇನೋ ನಿಜ. ಆದರೆ ಕಣ್ಣೊರೆಸಿಕೊಂಡ ಕೈಯಿಂದಲೇ ಅರ್ಜಿಯಲ್ಲಿ ನನ್ನ ಹೆಸರೊಂದನ್ನೇ ಬರೆದೆ. ಅವರಿಂದಲೇ ಕಲಿತಿದ್ದ ಗಂಟು ಹಾಕಿ, ಅರಗು ಸುರಿದು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಯಂತ್ರದ ಪಕ್ಕ ಖಾಲಿ ಲಕೋಟೆಯೊಂದಿತ್ತು, ಮೇಲೆ ಇನ್ನೂ ಆರದ ಮುದ್ರೆ. ಅಂಕಿ ಒಂದು ಮುಂದೆ ಹೋಗಿತ್ತು. ಗಂಟು, ಅರಗು ಇದ್ದ ಹಾಗೇ ಇದ್ದವು. ಮೂರು ದಿನ ಇದೇ ಕಥೆ. ಕೋಣೆಯಲ್ಲಿ ಹಸಿ ಉಣ್ಣೆಯ ವಾಸನೆ ಬೇರೆ. ಅವರ ಕುರ್ಚಿಯ ಕಡೆ ಬೆನ್ನು ಮಾಡಿ ಕೂರಲು ನನಗೆ ಹೆದರಿಕೆಯಾಗುತ್ತಿತ್ತು.

ಮಾಲಕರು ಲಕೋಟೆಗಳನ್ನು ಮುಂದಿಟ್ಟು ಕೇಳಿದರು: "ಯಾರಿಗೂ ತೆಗ್ಯಾಕ ಬರಂಗಿಲ್ಲ ಅಂತ ಅರ್ಜಿದಾಗ ಬರ್ದೀರಿ. ಹಂಗಾರ ಇವನ್ನ ಒತ್ತಿದವ್ರು ಯಾರ್ರಿ?"

ಯಾರೋ ಬಿಚ್ಚಿದ್ದಾರೆ ಎಂದರೆ ಪೇಟೆಂಟ್ ಹೋಯಿತು. ಯಾರೂ ಬಿಚ್ಚಿಲ್ಲ ಎಂದರೆ ಮಾಳಪ್ಪನವರೇ ಬರುತ್ತಿದ್ದಾರೆಂದು ಒಪ್ಪಿದಂತೆ. ಆ ಸಂಜೆ ನಾಚಿಕೆಯಿಂದಲೋ ಭಯದಿಂದಲೋ ಇನ್ನೂ ಕಳಿಸದಿದ್ದ ಅರ್ಜಿಯನ್ನು ಹರಿದು ಹೊಸದು ಬರೆದೆ. ಅವರ ಹೆಸರು ಮೇಲೆ, ನನ್ನದು ಕೆಳಗೆ. ಲಕೋಟೆಗೆ ಹಾಕಿ, ಕಲ್ಕತ್ತೆಯ ಪೇಟೆಂಟ್ ಕಚೇರಿಯ ವಿಳಾಸ ಬರೆದು ಯಂತ್ರದ ಪಕ್ಕ ಇಟ್ಟೆ. ಎಂದಿನಂತೆ ಗಂಟು ಹಾಕಿ ಅರಗು ಸುರಿದೆ.

ಬೆಳಿಗ್ಗೆ ಅರಗು ಒಡೆದಿರಲಿಲ್ಲ. ಖಾಲಿ ಲಕೋಟೆಯೂ ಇರಲಿಲ್ಲ. ಬೋಣಿ ಈ ಸಲ ನನ್ನ ಅರ್ಜಿಯ ಲಕೋಟೆಯ ಮೇಲೇ ಆಗಿತ್ತು. ಇಡೀ ಆವಿಷ್ಕಾರದಲ್ಲಿ ನನ್ನ ಪಾಲಿಗೆ ಉಳಿದದ್ದು, ಅದನ್ನು ಹಿಡಿದು ಅಂಚೆ ಕಚೇರಿಯವರೆಗೆ ನಡೆಯುವ ಕೆಲಸ.